ದಾರಿ ಕೇಳುವವರು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಪ್ರವಾಸವನ್ನು ಕುರಿತವೇ ಹೆಚ್ಚು. ಎಲ್ಲಿಗೆ ಹೋಗಬೇಕು, ಯಾವ ಕಾಲದಲ್ಲಿ ಹೋಗಬೇಕು ಎಂದು ಕೇಳಿದವರಿಗೆ ಉತ್ತರ ಹೇಳಲು ನನಗಿಂತ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಏಕೆ ಹೋಗುತ್ತೇವೆ, ಹೋದಾಗ ನಮ್ಮೊಳಗೆ ಏನಾಗುತ್ತದೆ ಎಂದು ಕೇಳಿದ ಆರು ಪತ್ರಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಿವೃತ್ತನಾದ ಮೇಲೆ ಮೊದಲ ಬಾರಿಗೆ ಹನ್ನೆರಡು ದಿನಗಳ ದೂರದ ಪ್ರವಾಸಕ್ಕೆ ಹೊರಟೆ. ಅದಕ್ಕೆ ಮೊದಲು ಎರಡು ತಿಂಗಳ ಕಾಲ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತಾಗಿನ ಸಂತೋಷ ಹೇಳತೀರದು. ಆದರೆ ಹೋದ ಮೂರನೆಯ ದಿನಕ್ಕೇ ಕಾರಣವಿಲ್ಲದ ಸಿಡುಕು, ಮನೆಯ ನೆನಪು, ರಾತ್ರಿ ನಿದ್ರೆಯಿಲ್ಲ. ಹಿಂತಿರುಗಿ ಬಂದ ವಾರದಲ್ಲೇ ಮತ್ತೆ ಎಲ್ಲಿಗಾದರೂ ಹೊರಡಬೇಕೆಂಬ ಹಂಬಲ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ಇದು ಬರೀ ಚಂಚಲತೆಯೇ? ಅಷ್ಟಕ್ಕೂ ಮನುಷ್ಯ ಪ್ರವಾಸ ಹೋಗುವುದಾದರೂ ಏಕೆ?

ಉತ್ತರ: ನಿಮಗಾದದ್ದು ನಿಮಗೊಬ್ಬರಿಗೇ ಆದದ್ದಲ್ಲ ಎಂಬ ಸಮಾಧಾನದಿಂದ ಆರಂಭಿಸುತ್ತೇನೆ. ನೆದರ್ಲೆಂಡ್ಸ್‌ನಲ್ಲಿ ಸುಮಾರು 1,500 ಮಂದಿಯನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ರಜೆಯ ಪ್ರವಾಸಕ್ಕೆ ಹೊರಡಲಿರುವವರು ಮನೆಯಲ್ಲೇ ಉಳಿಯುವವರಿಗಿಂತ ಹೆಚ್ಚು ಸಂತೋಷದಲ್ಲಿರುತ್ತಾರೆ. ಹಿಂತಿರುಗಿದ ಮೇಲೆ ಮಾತ್ರ ಇವರಿಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ, ತಮ್ಮ ಪ್ರವಾಸ ತೀರ ನಿರಾಳವಾಗಿತ್ತು ಎಂದವರಲ್ಲಷ್ಟೇ ಆ ಹಿಗ್ಗು ಸ್ವಲ್ಪ ಕಾಲ ನಿಲ್ಲುತ್ತದೆ. ನಕ್ಷೆಯ ಮುಂದೆ ಕುಳಿತ ಆ ಎರಡು ತಿಂಗಳನ್ನು ನೀವು ಪ್ರವಾಸದ ಲೆಕ್ಕಕ್ಕೆ ಹಿಡಿದಿಲ್ಲವೆಂದು ಪತ್ರದಿಂದ ತೋರುತ್ತದೆ. ಹಿಡಿಯಿರಿ. ನಿಮ್ಮ ಪ್ರವಾಸ ಹನ್ನೆರಡು ದಿನದ್ದಾಗಿರಲಿಲ್ಲ, ಎಪ್ಪತ್ತು ದಿನದ್ದಾಗಿತ್ತು, ಮತ್ತು ಅದರಲ್ಲಿ ಬಹುಪಾಲು ಸುಖವಾಗಿಯೇ ಕಳೆಯಿತು.

ಏಕೆ ಹೋಗುತ್ತೇವೆ ಎಂಬುದು ಹಳೆಯ ಪ್ರಶ್ನೆ, ಮತ್ತು ಹಳಬರು ಅದಕ್ಕೆ ಕೊಟ್ಟ ಉತ್ತರಗಳಲ್ಲಿ ಬೈಗುಳವೇ ಹೆಚ್ಚು. ಒಂದನೆಯ ಶತಮಾನದ ರೋಮಿನ ಚಿಂತಕ ಸೆನೆಕ ತನ್ನ ಗೆಳೆಯ ಲುಸಿಲಿಯಸನಿಗೆ ಬರೆದ ಪತ್ರಗಳಲ್ಲಿ 28ನೆಯದು ಬಹುಮಟ್ಟಿಗೆ ಇದೇ ವಿಷಯದ್ದು. ಇಷ್ಟೆಲ್ಲ ಸುತ್ತಿದರೂ ಮನಸ್ಸಿನ ಭಾರ ಇಳಿಯಲಿಲ್ಲವೆಂದು ನೀನು ಬೆರಗಾಗುವುದು ಏಕೆ, ಬದಲಾಗಬೇಕಾದದ್ದು ಮನಸ್ಸೇ ಹೊರತು ಹವೆಯಲ್ಲ, ಓಡಿಹೋಗುವಾಗಲೂ ನಿನ್ನನ್ನು ನೀನು ಜೊತೆಗೇ ಕರೆದೊಯ್ಯುತ್ತೀಯಲ್ಲ ಎಂದು ಅಲ್ಲಿ ಅವನು ಗದರಿಸುತ್ತಾನೆ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಬ್ಲೇಸ್ ಪಾಸ್ಕಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಕೋಣೆಯಲ್ಲಿ ಸುಮ್ಮನೆ ಕುಳಿತಿರಲಾರದ್ದರಿಂದಲೇ ಮನುಷ್ಯನ ಎಲ್ಲ ದುಃಖಗಳೂ ಹುಟ್ಟುತ್ತವೆ ಎಂದು ತೀರ್ಪು ಕೊಟ್ಟುಬಿಟ್ಟ. ಪ್ರವಾಸಕ್ಕೆ ಕೈಯಲ್ಲಿ ಕಾಸಿಲ್ಲದಿದ್ದ ವಯಸ್ಸಿನಲ್ಲಿ ಪಾಸ್ಕಲನ ಈ ಮಾತನ್ನು ನಾನು ಬಹಳ ಮೆಚ್ಚಿಕೊಂಡಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಇಬ್ಬರೂ ಪ್ರವಾಸವನ್ನು ಒಂದು ಔಷಧವೆಂದು ಭಾವಿಸಿ, ಅದು ರೋಗವನ್ನು ವಾಸಿಮಾಡುವುದಿಲ್ಲವೆಂದು ಹೇಳುತ್ತಿದ್ದಾರೆ. ರೋಗಿಗಳ ಮಟ್ಟಿಗೆ ಅದು ಸರಿಯೇ. ಬೇಸರವನ್ನು ಕಳೆದುಕೊಳ್ಳಲು ಹೋದವನು ಅದನ್ನು ಚೀಲದಲ್ಲೇ ಕಟ್ಟಿಕೊಂಡು ಹೋಗಿರುತ್ತಾನೆ. ಆದರೆ ಹೊರಡುವವರೆಲ್ಲ ರೋಗಿಗಳಲ್ಲ. ಅದೂ ಅಲ್ಲದೆ ಸೆನೆಕ ಚಕ್ರವರ್ತಿಯ ಕೋಪಕ್ಕೆ ಗುರಿಯಾಗಿ ಕ್ರಿ.ಶ. 41ರಿಂದ 49ರವರೆಗೆ ಕಾರ್ಸಿಕ ದ್ವೀಪದಲ್ಲಿ ಗಡೀಪಾರಾಗಿದ್ದವನು. ಎಂಟು ವರ್ಷ ಬಲವಂತದಿಂದ ಊರು ಬಿಟ್ಟಿದ್ದವನಿಗೆ ಊರು ಬಿಡುವುದರಲ್ಲಿ ವಿಶೇಷವೇನೂ ಕಾಣದಿದ್ದರೆ ಆಶ್ಚರ್ಯಪಡಬೇಕಾದದ್ದಿಲ್ಲ.

ನಿಮ್ಮ ಮೂರನೆಯ ದಿನದ ಸಿಡುಕಿಗೆ ಬರುತ್ತೇನೆ. ಇದನ್ನು ಒಂದು ಕಾಲದಲ್ಲಿ ನಿಜವಾದ ಕಾಯಿಲೆಯೆಂದೇ ಎಣಿಸಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಈ ಕುರಿತು ಪ್ರಬಂಧ ಬರೆದು, ಗ್ರೀಕಿನಲ್ಲಿ ‘ಮರಳಿ ಬರುವುದು’ ಎಂಬ ಅರ್ಥದ ನೊಸ್ಟೊಸ್ ಮತ್ತು ‘ನೋವು’ ಎಂಬ ಅರ್ಥದ ಅಲ್ಗೊಸ್ ಎರಡನ್ನೂ ಜೋಡಿಸಿ ‘ನೊಸ್ಟಾಲ್ಜಿಯ’ ಎಂದು ಹೆಸರಿಟ್ಟ. ಹಳೆಯ ಹಾಡು ಕೇಳಿ ನಿಟ್ಟುಸಿರು ಬಿಡುವುದಕ್ಕೆ ಈಗ ನಾವು ಬಳಸುವ ಪದ ಹುಟ್ಟುವಾಗ ಪರದೇಶದಲ್ಲಿದ್ದವರ ನಿದ್ರಾಹೀನತೆಗೆ, ಹಸಿವಿಲ್ಲದಿರುವುದಕ್ಕೆ ಸಂಬಂಧಿಸಿತ್ತು.

ಜಗತ್ತಿನ ಮಹಾ ಸಂಚಾರಿಗಳಲ್ಲೊಬ್ಬನಾದ ಇಬ್ನ್ ಬತೂತನೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1325ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಮೊರೊಕ್ಕೊದ ಟಾಂಜಿಯರ್‌ನಿಂದ ಒಬ್ಬನೇ ಹೊರಟವನು ಕೆಲವು ವಾರಗಳ ಮೇಲೆ ಒಂದು ತಂಡದ ಜೊತೆ ಟ್ಯೂನಿಸ್ ನಗರವನ್ನು ಮುಟ್ಟುತ್ತಾನೆ. ಊರಿನವರು ಬಂದು ತಮಗೆ ಪರಿಚಯವಿದ್ದವರನ್ನೆಲ್ಲ ವಂದಿಸಿ ವಿಚಾರಿಸಿಕೊಳ್ಳುತ್ತಾರೆ. ಇವನನ್ನು ಮಾತ್ರ ಯಾರೂ ಮಾತನಾಡಿಸುವುದಿಲ್ಲ, ಏಕೆಂದರೆ ಅಲ್ಲಿ ಇವನನ್ನು ಬಲ್ಲವರೇ ಇಲ್ಲ. ಅವನು ನಿಂತಲ್ಲೇ ಅಳುತ್ತಾನೆ. ಇದನ್ನು ಗಮನಿಸಿದ ಯಾತ್ರಿಕನೊಬ್ಬ ಹತ್ತಿರ ಬಂದು, ವಂದಿಸಿ, ಊರೊಳಗೆ ಹೋಗುವವರೆಗೂ ಮಾತನಾಡುತ್ತ ಜೊತೆಗಿರುತ್ತಾನೆ. ಮುಂದೆ ಮೂರು ದಶಕಗಳ ಹತ್ತಿರದಷ್ಟು ಕಾಲ ಭಾರತವನ್ನೂ ಒಳಗೊಂಡು ನಾಡು ನಾಡು ಅಲೆದು, ಕೊನೆಗೆ ಬರೆಸಿದ ತನ್ನ ವೃತ್ತಾಂತದಲ್ಲಿ ಅವನು ಈ ಅಳುವನ್ನು ಮುಚ್ಚಿಡಲಿಲ್ಲ.

ನನ್ನ ಉತ್ತರ ಈ ಟ್ಯೂನಿಸಿನ ಬಾಗಿಲಲ್ಲೇ ಇದೆ. ಸ್ವಂತ ಊರಿನಲ್ಲಿ ನಾವು ಉತ್ತರ ಹೇಳುವವರು. ಮಕ್ಕಳು ಕೇಳುತ್ತಾರೆ, ಕೈಕೆಳಗಿನವರು ಕೇಳುತ್ತಾರೆ, ಬೀದಿಯಲ್ಲಿ ಹೊಸಬರು ವಿಳಾಸ ಕೇಳುತ್ತಾರೆ. ವಯಸ್ಸು ಏರಿದಷ್ಟೂ, ಹುದ್ದೆ ದೊಡ್ಡದಾದಷ್ಟೂ, ನಾವು ಇನ್ನೊಬ್ಬರನ್ನು ಏನಾದರೂ ಕೇಳುವ ಸಂದರ್ಭಗಳು ಕಡಿಮೆಯಾಗುತ್ತ ಬಂದು, ಒಂದು ದಿನ ಏನನ್ನೂ ಕೇಳದವರಾಗಿಬಿಡುತ್ತೇವೆ. ಪರಸ್ಥಳಕ್ಕೆ ಕಾಲಿಟ್ಟ ಕೂಡಲೇ ಇದು ತಲೆಕೆಳಗಾಗುತ್ತದೆ. ಎಲ್ಲಿ ತಿರುಗಬೇಕು, ಎಷ್ಟು ಹೊತ್ತಾಗುತ್ತದೆ, ಇದನ್ನು ಏನೆನ್ನುತ್ತಾರೆ, ಇಲ್ಲಿ ಕುಳಿತುಕೊಳ್ಳಬಹುದೇ ಎಂದು ಮಗುವಿನಂತೆ ಕೇಳುತ್ತ ಹೋಗಬೇಕು. ಹೀಗೆ ಕೇಳುವವರಾಗುವುದಕ್ಕೇ ನಾವು ಹೋಗುತ್ತೇವೆ ಎಂದು ನನಗೆ ಅನಿಸುತ್ತದೆ, ಹಾಗೆಂದು ನಮಗೆ ಗೊತ್ತಿರುವುದಿಲ್ಲ ಅಷ್ಟೆ. ಮೂವತ್ತೈದು ವರ್ಷ ಉತ್ತರ ಹೇಳಿ ನಿವೃತ್ತರಾದ ನಿಮಗೆ ಮೂರನೆಯ ದಿನ ಸಿಡುಕು ಬಂದದ್ದು ಈ ಸ್ಥಾನಪಲ್ಲಟದಿಂದ. ಹಿಂತಿರುಗಿದ ಮೇಲೆ ಹಂಬಲ ಹುಟ್ಟಿದ್ದೂ ಅದರಿಂದಲೇ ಇರಬೇಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ನನಗೆ ಮಾತೂ ಬಾರದ ಲಿಪಿಯೂ ತಿಳಿಯದ ಒಂದು ನಗರದಲ್ಲಿ, ಉಳಿದುಕೊಳ್ಳಬೇಕಾಗಿದ್ದ ಮನೆಯ ವಿಳಾಸವನ್ನು ಯಾರೋ ಬರೆದುಕೊಟ್ಟ ಒಂದು ಚೀಟಿಯನ್ನು ಹಿಡಿದು ಸಂಜೆ ಹೊತ್ತಿನಲ್ಲಿ ರೈಲು ಇಳಿದಿದ್ದೆ. ಮೊದಲನೆಯವರು ಚೀಟಿಯನ್ನು ಓದಿ ಎಡಕ್ಕೆ ಕೈ ತೋರಿಸಿದರು. ಎರಡನೆಯವರು ಓದಿ ಬಲಕ್ಕೆ ತೋರಿಸಿದರು. ಮೂರನೆಯವರು, ಬಾಗಿಲು ಹಾಕುತ್ತಿದ್ದ ಒಂದು ಅಂಗಡಿಯ ಮುದುಕರು, ಚೀಟಿಯನ್ನು ದೀಪದ ಕೆಳಗೆ ಹಿಡಿದು, ಕನ್ನಡಕವನ್ನು ಹಣೆಗೆ ಏರಿಸಿ, ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಒಂದು ಪದವನ್ನು ಹೊಡೆದುಹಾಕಿ, ಕೆಳಗೆ ತಾವೇ ಎರಡು ಸಾಲು ಬರೆದು, ಚೀಟಿಯನ್ನು ಮಡಿಸಿ ನನ್ನ ಅಂಗಿಯ ಜೇಬಿಗೆ ಇಟ್ಟು, ಜೇಬಿನ ಮೇಲೊಮ್ಮೆ ತಟ್ಟಿದರು. ಅಲ್ಲಿಂದ ಮುಂದೆ ಯಾರಿಗೆ ಆ ಚೀಟಿ ತೋರಿಸಿದರೂ ಅವರು ಓದಿ ಸಣ್ಣಗೆ ನಕ್ಕು ಒಂದೇ ದಿಕ್ಕಿಗೆ ಕೈ ತೋರಿಸಿದರು. ಆ ನಗರದ ಪ್ರಸಿದ್ಧ ಗೋಪುರವನ್ನು ಮರುದಿನ ನೋಡಿದೆ. ಅದು ಹೇಗಿತ್ತೆಂದು ಈಗ ಕೇಳಿದರೆ ತಡವರಿಸುತ್ತೇನೆ.

ಇನ್ನು ಮುಂದಿನ ಪ್ರವಾಸಕ್ಕೆ ಒಂದೇ ಸಲಹೆ: ಮೂರನೆಯ ದಿನ ಸಿಡುಕು ಬಂದೇ ಬರುತ್ತದೆಂದು ಮೊದಲೇ ತಿಳಿದುಕೊಂಡು, ಆ ದಿನ ನೋಡುವ ಸ್ಥಳಗಳನ್ನು ಇಟ್ಟುಕೊಳ್ಳಬೇಡಿ, ಯಾವ ತೀರ್ಮಾನವನ್ನೂ ಮಾಡಬೇಡಿ, ಮತ್ತು ಹೆಂಡತಿಯವರ ಜೊತೆ ಲೆಕ್ಕಾಚಾರದ ಮಾತು ಎತ್ತಬೇಡಿ.

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ಎಷ್ಟೋ ದಿನದಿಂದ ಕನಸು ಕಂಡಿದ್ದ ಒಂದು ಪ್ರಸಿದ್ಧ ಸ್ಥಳದ ಎದುರು ಕೊನೆಗೂ ನಿಂತಾಗ, ಇದನ್ನು ಮೊದಲೇ ನೋಡಿದ್ದೇನಲ್ಲ ಎನಿಸಿ ಮನಸ್ಸು ಬಾಡಿಹೋಯಿತು. ಫೋನಿನಲ್ಲಿ ಅದರ ಚಿತ್ರಗಳನ್ನು ಸಾವಿರ ಸಲ ನೋಡಿದ್ದೆ. ಆದರೂ ಇನ್ನೂರು ಫೋಟೊ ತೆಗೆದೆ. ಈಗ ನೋಡಿದರೆ ಫೋಟೊಗಳು ಇವೆ, ನಾನು ಅಲ್ಲಿದ್ದ ನೆನಪೇ ಇಲ್ಲ. ಎಲ್ಲವೂ ಕೈಯಲ್ಲೇ ಕಾಣುವಾಗ ಹೋಗುವುದು ವ್ಯರ್ಥವಲ್ಲವೇ?

ಉತ್ತರ: ಫೋಟೊ ತೆಗೆದರೂ ನೆನಪಿಲ್ಲ ಎಂದಿದ್ದೀರಿ, ತೆಗೆದದ್ದರಿಂದಲೇ ನೆನಪಿಲ್ಲದಿರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳನ್ನು ಸುಮ್ಮನೆ ನೋಡಲೂ ಕೆಲವನ್ನು ಫೋಟೊ ತೆಗೆಯಲೂ ಹೇಳಿ, ಮರುದಿನ ಅವರ ನೆನಪನ್ನು ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಫೋಟೊ ತೆಗೆದ ವಸ್ತುಗಳ ವಿವರಗಳು ಬರಿಗಣ್ಣಿನಿಂದ ನೋಡಿದವುಗಳ ವಿವರಗಳಿಗಿಂತ ಕಡಿಮೆ ನೆನಪಿದ್ದವು. ನನಗೆ ಇದಕ್ಕಿಂತ ಹೆಚ್ಚು ಕುತೂಹಲವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ವಸ್ತುವಿನ ಯಾವುದಾದರೂ ಒಂದು ಅಂಶವನ್ನು ಮಾತ್ರ ಹತ್ತಿರಕ್ಕೆ ಎಳೆದುಕೊಂಡು ಫೋಟೊ ತೆಗೆದವರ ನೆನಪು ಹೀಗೆ ಮಸುಕಾಗಲಿಲ್ಲ. ಹಾಗಾಗಿ ಕ್ಯಾಮೆರಾವನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ನೋಡುವ ಕೆಲಸವನ್ನು ಅದಕ್ಕೆ ಗುತ್ತಿಗೆ ಕೊಟ್ಟು ನಾವು ಮುಂದಕ್ಕೆ ನಡೆದುಬಿಡುವುದೇ ತೊಂದರೆ.

ಮೊದಲೇ ನೋಡಿದ್ದೇನೆ ಎಂಬ ನಿರಾಶೆ ಫೋನಿನಿಂದ ಹುಟ್ಟಿದ್ದೇನಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೋನಾಲಿಸಾ ಚಿತ್ರದ ಅಳತೆ ಎತ್ತರ 77, ಅಗಲ 53 ಸೆಂಟಿಮೀಟರ್ ಮಾತ್ರ. ಇಷ್ಟೇಯೇ ಎಂದು ಗೊಣಗಿಕೊಂಡು ಹೊರಬರುವವರು ಎಷ್ಟು ಮಂದಿಯೋ. 1911ರ ಆಗಸ್ಟಿನಲ್ಲಿ ಅದು ಕಳವಾದಾಗ ಮಾತ್ರ ವಿಚಿತ್ರವೊಂದು ನಡೆಯಿತು: ಚಿತ್ರವಿದ್ದ ಗೋಡೆಯ ಖಾಲಿ ಜಾಗವನ್ನು ನೋಡಲು ಜನ ಗುಂಪುಗುಂಪಾಗಿ ಬಂದರು. ಅವರಿಗೆ ಅಲ್ಲಿ ಕಂಡದ್ದು ಸುಣ್ಣದ ಗೋಡೆಯೂ ಮೊಳೆಗಳೂ ಇರಬೇಕು. ಆದರೆ ಆ ಖಾಲಿ ಜಾಗದ ಚಿತ್ರವನ್ನು ಯಾರೂ ಮನೆಯ ಗೋಡೆಗೆ ತೂಗುಹಾಕಿಕೊಂಡಿರಲಿಲ್ಲವಾದ್ದರಿಂದ, ಅದನ್ನಾದರೂ ಅವರು ಮೊದಲ ಸಲ ನೋಡಿದರು.

ಪ್ರಸಿದ್ಧವಾದದ್ದಕ್ಕೆ ಎರಡು ನಿಮಿಷ ಸಲ್ಲಿಸಿ ಆಮೇಲೆ ಅದಕ್ಕೆ ಬೆನ್ನು ಮಾಡಿ ನಿಲ್ಲುವುದು ನನ್ನ ಅಭ್ಯಾಸ. ಒಂದು ಪುರಾತನ ಕಟ್ಟಡದಲ್ಲಿ ಹೀಗೆ ನಿಂತಾಗ, ಮೆಟ್ಟಿಲುಗಳ ನಟ್ಟನಡುವೆ ಜನರ ಪಾದ ತಾಗಿ ತಾಗಿ ಕಲ್ಲು ಬೋಗುಣಿಯಂತೆ ತಗ್ಗಾಗಿದ್ದುದು, ಬೆಳಗಿನ ಮಳೆಯ ನೀರು ಪ್ರತಿಯೊಂದು ತಗ್ಗಿನಲ್ಲೂ ಒಂದೊಂದು ಅಂಗೈಯಷ್ಟು ನಿಂತಿದ್ದುದು, ಏರುವವರು ಇಳಿಯುವವರೆಲ್ಲ ಕಾಲು ಒದ್ದೆಯಾಗದಿರಲೆಂದು ಅಂಚಿನಲ್ಲಿ ಹೆಜ್ಜೆಯಿಡುತ್ತಿದ್ದುದು ಕಂಡಿತು. ಇನ್ನು ಕೆಲವು ನೂರು ವರ್ಷ ಕಳೆದರೆ ಅಂಚುಗಳೂ ಸವೆದು ಮೆಟ್ಟಿಲು ಮತ್ತೆ ಸಮವಾಗಬಹುದೇನೋ ಎಂದುಕೊಂಡು ನಕ್ಕೆ.

ಫೋನಿನ ಮೇಲೆ ನನಗಿರುವ ದೂರು ಬೇರೆಯೇ. ಅದು ದಾರಿ ಕೇಳುವ ಸಂದರ್ಭವನ್ನು ಕಿತ್ತುಕೊಂಡಿದೆ. ನಕ್ಷೆಯ ಮೇಲಿನ ನೀಲಿ ಚುಕ್ಕೆ ಎಂದೂ ದಾರಿ ತಪ್ಪುವುದಿಲ್ಲ, ಎಂದೂ ಯಾರನ್ನೂ ನಿಲ್ಲಿಸಿ ಮಾತನಾಡಿಸುವುದಿಲ್ಲ. ಮುಂದಿನ ಸಲ ಹೋದಾಗ ದಾರಿ ಗೊತ್ತಿದ್ದರೂ ಒಬ್ಬರನ್ನು ಕೇಳಿ ನೋಡಿ.

ಪ್ರಶ್ನೆ: ವರ್ಷಕ್ಕೊಮ್ಮೆ ಎಂಟು ಹತ್ತು ದಿನ ನಾನು ಒಬ್ಬಳೇ ಪ್ರವಾಸ ಹೋಗುತ್ತೇನೆ. ಅಲ್ಲಿ ನಾನು ಬೇರೆಯೇ ಹೆಂಗಸು: ಅಪರಿಚಿತರೊಡನೆ ಹರಟುತ್ತೇನೆ, ಜೋರಾಗಿ ನಗುತ್ತೇನೆ, ಯಾವುದಕ್ಕೂ ಅಂಜುವುದಿಲ್ಲ. ಮನೆ ಬಾಗಿಲಿಗೆ ಬಂದ ಕೂಡಲೇ ಮತ್ತೆ ಮೌನಿ. ಇವರಲ್ಲಿ ನಿಜವಾದ ನಾನು ಯಾರು? ಒಮ್ಮೊಮ್ಮೆ ಮನೆಯವರನ್ನು ವಂಚಿಸುತ್ತಿದ್ದೇನೇನೋ ಎನಿಸುತ್ತದೆ.

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ನೆನಪಾದವರು ಇಸಬೆಲ್ಲಾ ಬರ್ಡ್. 1831ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಕೆಗೆ ಚಿಕ್ಕಂದಿನಿಂದ ಬೆನ್ನುಹುರಿಯ ತೊಂದರೆ, ನಿದ್ರಾಹೀನತೆ, ಮಂಕು. ಮನೆಯಲ್ಲಿದ್ದಾಗ ಬಹುಕಾಲ ಹಾಸಿಗೆ ಹಿಡಿದವರೇ. ಹವೆ ಬದಲಾಯಿಸಿದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಪ್ರಯಾಣ ಹೊರಟ ಈ ರೋಗಿ, 1873ರಲ್ಲಿ ಅಮೆರಿಕದ ರಾಕಿ ಪರ್ವತಗಳಲ್ಲಿ ಸುಮಾರು 800 ಮೈಲಿ ಕುದುರೆ ಸವಾರಿ ಮಾಡಿ, 4,300 ಮೀಟರಿಗೂ ಹೆಚ್ಚು ಎತ್ತರದ ಲಾಂಗ್ಸ್ ಪೀಕ್ ಶಿಖರವನ್ನು ಏರಿದರು. ಸರಕಿನ ಮೂಟೆಯಂತೆ ತನ್ನನ್ನು ಮಾರ್ಗದರ್ಶಿ ಮೇಲಕ್ಕೆ ಎಳೆದೊಯ್ದನೆಂದು ತಾವೇ ಬರೆದುಕೊಳ್ಳುವಷ್ಟು ಪ್ರಾಮಾಣಿಕತೆಯೂ ಆಕೆಗಿತ್ತು. ಹಿಂತಿರುಗಿ ಬಂದಾಗಲೆಲ್ಲ ಕಾಯಿಲೆಯೂ ಹಿಂತಿರುಗುತ್ತಿತ್ತು. ಮನೆಯಲ್ಲಿ ನಟಿಸುತ್ತಿದ್ದರೆಂದು ಕೊಂಕು ನುಡಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ.

ನಮ್ಮನ್ನು ಬಲ್ಲವರು ನಮ್ಮನ್ನು ಒಂದು ಆಕಾರದಲ್ಲಿ ಹಿಡಿದಿಟ್ಟಿರುತ್ತಾರೆ. ಅವಳು ಮಾತು ಕಡಿಮೆ, ಅವಳಿಗೆ ಎತ್ತರವೆಂದರೆ ಭಯ, ಅವಳು ಆ ಬಣ್ಣ ಉಡುವುದಿಲ್ಲ ಎಂದು ಹತ್ತು ವರ್ಷ ಕೇಳಿಸಿಕೊಂಡವರು ಅದಕ್ಕೆ ತಕ್ಕಂತೆ ನಡೆದುಕೊಳ್ಳಲು ಕಲಿತುಬಿಡುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ, ಪ್ರೀತಿಯೇ ಇದನ್ನು ಮಾಡುತ್ತದೆ. ನಿಮ್ಮ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದವರ ನಡುವೆ ಹೋದಾಗ ಆ ಹಿಡಿತ ಸಡಿಲಾಗುತ್ತದೆ. ಆಗ ಹೊರಬರುವ ಹೆಂಗಸು ಸುಳ್ಳಲ್ಲ.

ಆದರೆ ಅವಳೇ ನಿಜ, ಮನೆಯವಳು ಸುಳ್ಳು ಎಂದೂ ತಿಳಿಯಬೇಡಿ. ಎಂಟು ದಿನ ಉಲ್ಲಾಸದಿಂದ, ಉದಾರವಾಗಿ ಇರುವುದು ಕಷ್ಟವೇನಲ್ಲ. ಆ ಎಂಟು ದಿನ ಯಾರ ಜ್ವರವನ್ನೂ ನೋಡಿಕೊಳ್ಳಬೇಕಾಗಿರುವುದಿಲ್ಲ. ಪ್ರವಾಸದಲ್ಲಿ ಸಿಕ್ಕವರು ನಿಮ್ಮ ನಗುವನ್ನು ಕೇಳಿದ್ದಾರೆ, ಮನೆಯವರು ನಿಮ್ಮ ಉಳಿದ ಮುನ್ನೂರೈವತ್ತು ದಿನಗಳನ್ನು ಕಂಡಿದ್ದಾರೆ. ವಂಚನೆಯ ಮಾತಿಗೆ ಹೇಳುವುದಾದರೆ, ಇಸಬೆಲ್ಲಾ ಬರ್ಡ್ ರಾಕಿ ಪರ್ವತಗಳಿಂದ ಬರೆದದ್ದೆಲ್ಲ ಮನೆಯಲ್ಲಿದ್ದ ತಂಗಿ ಹೆನ್ರಿಯೆಟ್ಟಾಗೆ ಬರೆದ ಪತ್ರಗಳು, ಮುಂದೆ ಪುಸ್ತಕವಾದದ್ದೂ ಆ ಪತ್ರಗಳೇ. ಕುದುರೆಯ ಮೇಲಿನ ಇಸಬೆಲ್ಲಾಳನ್ನು ಮನೆಯಲ್ಲಿ ಒಬ್ಬರಾದರೂ ಬಲ್ಲವರಿದ್ದರು. ನಿಮ್ಮ ಮನೆಯಲ್ಲೂ ಅಂಥವರೊಬ್ಬರನ್ನು ಆರಿಸಿಕೊಂಡು, ಅಲ್ಲಿ ನೀವು ಯಾವುದಕ್ಕೆ ಜೋರಾಗಿ ನಕ್ಕಿರೋ ಅದನ್ನು ಹೇಳಿ.

ಪ್ರಶ್ನೆ: ಜೀವಮಾನದಲ್ಲಿ ಮೊದಲ ಬಾರಿಗೆ ಹಿಮಪರ್ವತಗಳನ್ನು ಬೆಳಗಿನ ಬೆಳಕಿನಲ್ಲಿ ನೋಡಿದಾಗ ನನಗೆ ತಡೆಯಲಾಗದಂತೆ ಅಳು ಬಂತು. ಮಕ್ಕಳು ಗಾಬರಿಯಾದರು. ದುಃಖವೇನೂ ಇರಲಿಲ್ಲ. ಇದು ಮನಸ್ಸಿನ ದೌರ್ಬಲ್ಯವೇ?

ಉತ್ತರ: ಖಂಡಿತ ಅಲ್ಲ. ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಈ ಭಾವವನ್ನು ಬಿಡಿಸಿ ನೋಡಿ, ಅದರಲ್ಲಿ ಎರಡು ಅಂಶಗಳಿವೆ ಎಂದರು: ಎದುರಿಗಿರುವುದು ನಮಗಿಂತ ಬಹಳ ದೊಡ್ಡದು ಎಂಬ ಅರಿವು, ಮತ್ತು ಅದನ್ನು ಹಿಡಿದಿಡಲು ಮನಸ್ಸಿನಲ್ಲಿ ಈಗಾಗಲೇ ಇರುವ ಅಚ್ಚುಗಳು ಸಾಲದೆ ಹೋಗುವುದು. ನಮ್ಮ ಆಡುಮಾತಿನಲ್ಲಿ ಇದಕ್ಕೆ ‘ಬೆರಗು’ ಎಂಬ ಚೆನ್ನಾದ ಪದವಿದೆ. ಪಾತ್ರೆಗೆ ಹಿಡಿಸದಷ್ಟು ಸುರಿದರೆ ಚೆಲ್ಲಲೇಬೇಕು, ನಿಮ್ಮಲ್ಲಿ ಅದು ಕಣ್ಣಿನಿಂದ ಚೆಲ್ಲಿತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕಲಾಕೃತಿಗಳ ನಡುವೆ ಎದೆಬಡಿತ ಏರಿ, ತಲೆ ಸುತ್ತಿ, ದಿಕ್ಕು ತೋಚದಂತಾಗಿ ಆಸ್ಪತ್ರೆಗೆ ಬಂದ 106 ಪ್ರವಾಸಿಗರ ವಿಷಯವನ್ನು ಗ್ರಾಜಿಯೆಲ್ಲಾ ಮಗೆರಿನಿ ಎಂಬ ಮನೋವೈದ್ಯೆ 1989ರಲ್ಲಿ ಪ್ರಕಟಿಸಿದ್ದರು. ಅದಕ್ಕೆ ಹೋಲಿಸಿದರೆ ನಿಮ್ಮದು ತೀರ ಸಾಧು ಸ್ವಭಾವದ ಬೆರಗು. ಮಕ್ಕಳಿಗೆ ಕಾರಣ ವಿವರಿಸಲು ಹೋಗಬೇಡಿ. ಅಪ್ಪನೋ ಅಮ್ಮನೋ ಪರ್ವತ ನೋಡಿ ಅತ್ತರೆಂಬುದು ಅವರ ನೆನಪಿನಲ್ಲಿ ಹಾಗೇ ಉಳಿಯಲಿ.

ಪ್ರಶ್ನೆ: ಒಂಬತ್ತು ವರ್ಷಗಳಿಂದ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದೇನೆ. ಈ ಊರಿನ ಗಡಿ ದಾಟಿಲ್ಲ. ಗೆಳತಿಯರು ಕಳುಹಿಸುವ ಪ್ರವಾಸದ ಚಿತ್ರಗಳನ್ನು ನೋಡಿ ಸಂಕಟವಾಗುತ್ತದೆ, ಸಂಕಟಪಟ್ಟಿದ್ದಕ್ಕೆ ನಾಚಿಕೆಯೂ ಆಗುತ್ತದೆ. ದೇಶ ಸುತ್ತಲಾಗದಿದ್ದರೆ ಕೋಶ ಓದು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ದೇಶ ಸುತ್ತು, ಕೋಶ ಓದು ಎಂದು ಗಾದೆ ಎರಡನ್ನೂ ಹೇಳಿದೆ. ಒಂದರ ಬದಲಿಗೆ ಇನ್ನೊಂದು ಸಾಕೆಂದು ಅದು ಎಲ್ಲೂ ಹೇಳಿಲ್ಲ. ಇಂಥ ಪತ್ರಗಳಿಗೆ ಉತ್ತರವಾಗಿ ಸಾಮಾನ್ಯವಾಗಿ ಇಬ್ಬರ ಉದಾಹರಣೆ ಕೊಡುವ ರೂಢಿಯಿದೆ. ಒಬ್ಬ ಕೊನಿಗ್ಸ್‌ಬರ್ಗ್‌ನ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್, ತನ್ನ ಪ್ರಾಂತ್ಯದಿಂದ ಆಚೆ ಹೋಗದೆಯೇ ದಶಕಗಳ ಕಾಲ ಭೂಗೋಳವನ್ನು ಪಾಠ ಹೇಳಿದವನು. ಇನ್ನೊಬ್ಬ ಕ್ಸೇವಿಯರ್ ದ ಮೇಸ್ತ್ರ್, 1790ರಲ್ಲಿ ದ್ವಂದ್ವಯುದ್ಧ ಮಾಡಿದ್ದಕ್ಕಾಗಿ ಟ್ಯೂರಿನ್‌ನಲ್ಲಿ 42 ದಿನ ಗೃಹಬಂಧನದಲ್ಲಿದ್ದು, ತನ್ನ ಕೋಣೆಯೊಳಗಿನ ಮೇಜು ಕುರ್ಚಿ ಹಾಸಿಗೆಗಳ ನಡುವಿನ ಪ್ರಯಾಣವನ್ನೇ ಪುಸ್ತಕವಾಗಿ ಬರೆದವನು. ಈ ಉದಾಹರಣೆಗಳನ್ನು ನಿಮಗೆ ಕೊಡಲು ನನಗೆ ಮನಸ್ಸು ಬಾರದು. ಕಾಂಟ್ ಉಳಿದದ್ದು ತನ್ನ ಇಷ್ಟದಿಂದ. ದ ಮೇಸ್ತ್ರನಿಗೆ 43ನೆಯ ದಿನ ಬಾಗಿಲು ತೆರೆಯುತ್ತದೆಂದು ಗೊತ್ತಿತ್ತು. ನಿಮಗೆ ಈ ಎರಡರಲ್ಲಿ ಒಂದೂ ಇಲ್ಲ. ನೀವು ಕಳೆದುಕೊಂಡಿರುವುದು ನಿಜ, ಸಂಕಟಪಡಲು ನಿಮಗೆ ಹಕ್ಕಿದೆ, ನಾಚಿಕೆಗೆ ಕಾರಣವಿಲ್ಲ.

ಒಂದು ಮಾತು ಮಾತ್ರ ಹೇಳಬಲ್ಲೆ, ಅದನ್ನು ಸಮಾಧಾನವೆಂದು ತೆಗೆದುಕೊಳ್ಳಬೇಡಿ. ‘ಪ್ರವಾಸ’ ಎಂಬ ಪದದಲ್ಲಿ ಸುತ್ತುವುದರ ಅರ್ಥವೇ ಇಲ್ಲ. ಅದರೊಳಗಿರುವುದು ‘ವಾಸ’, ಮನೆಯಿಂದ ದೂರವಾಗಿ ವಾಸಿಸುವುದು. ಇದೇ ಧಾತುವಿನಿಂದ ಬಂದದ್ದು ‘ಪ್ರೋಷಿತ’. ಗಂಡ ಪ್ರವಾಸದಲ್ಲಿರುವ ನಾಯಿಕೆಗೆ ಅಲಂಕಾರಶಾಸ್ತ್ರದವರು ಪ್ರೋಷಿತಭರ್ತೃಕೆ ಎಂದು ಹೆಸರಿಟ್ಟು, ವಿಪ್ರಲಂಭ ಶೃಂಗಾರದ, ಎಂದರೆ ಅಗಲಿದವರ ಪ್ರೇಮದ, ಬಗೆಗಳಲ್ಲಿ ಪ್ರವಾಸವನ್ನೂ ಒಂದಾಗಿ ಎಣಿಸಿದರು. ಹೋದವನು ಅಲ್ಲಿ ಯಾವ ನಗರ ನೋಡಿದ, ಯಾವ ನದಿ ದಾಟಿದ ಎಂಬುದಕ್ಕಿಂತ, ಬಾಗಿಲಲ್ಲಿ ನಿಂತವಳು ದಿನ ಎಣಿಸಿದ್ದು ಹೇಗೆ ಎಂಬುದರಲ್ಲೇ ಆ ಶಾಸ್ತ್ರಕ್ಕೆ ಆಸಕ್ತಿ. ಪ್ರಯಾಣ ಕಲಕುವುದು ಹೋದವರನ್ನು ಮಾತ್ರವಲ್ಲ ಎಂಬುದನ್ನು ನಮ್ಮ ಹಳಬರು ಬಲ್ಲವರಾಗಿದ್ದರು, ಈಗಿನ ಪ್ರವಾಸ ಲೇಖನಗಳು ಅದನ್ನು ಮರೆತಿವೆ.

ಇನ್ನು ಕೈಲಾಗುವ ಮಾತು. ಗೆಳತಿಯರು ಚಿತ್ರ ಕಳುಹಿಸಿದಾಗ, ಅಲ್ಲಿ ಏನು ಕೆಟ್ಟಿತು, ಎಲ್ಲಿ ದಾರಿ ತಪ್ಪಿತು, ಯಾರ ಮೇಲೆ ರೇಗಿದಿರಿ ಎಂದು ಕೇಳಿ. ಚಿತ್ರದಲ್ಲಿ ಇಲ್ಲದ್ದೆಲ್ಲ ಆಗ ಹೊರಗೆ ಬರುತ್ತದೆ. ಅವರಿಗೂ ಅದನ್ನು ಹೇಳಿಕೊಳ್ಳಲು ಬೇರೆ ಯಾರೂ ಇರುವುದಿಲ್ಲ. ಇನ್ನೊಂದು, ತಾಯಿಯ ಬಳಿ ಅರ್ಧ ದಿನ ಕುಳಿತಿರಲು ಆ ಗೆಳತಿಯರಲ್ಲೇ ಒಬ್ಬರನ್ನು ಕೇಳಿ. ಸಂಕೋಚಪಡಬೇಡಿ. ಒಪ್ಪಿದರೆ, ನೀವು ಎಂದೂ ಹತ್ತದ ಒಂದು ಬಸ್ಸು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದು, ಸ್ವಲ್ಪ ದೂರ ನಡೆದು, ಅಲ್ಲಿಯವರೊಬ್ಬರನ್ನು ದಾರಿ ಕೇಳಿಕೊಂಡು ವಾಪಸ್ಸು ಬನ್ನಿ. ಅಪರಿಚಿತರಾಗುವುದಕ್ಕೆ ಬೇಕಾದ ದೂರ ನಾವೆಣಿಸುವಷ್ಟು ಹೆಚ್ಚಿನದಲ್ಲ. ಹಿಮಪರ್ವತಕ್ಕೆ ಇದು ಸಾಟಿಯೆಂದು ನಾನು ಹೇಳುತ್ತಿಲ್ಲ.

ಪ್ರಶ್ನೆ: ಪ್ರವಾಸಗಳಿಂದ ತಂದ ಗೊಂಬೆ, ಗಂಟೆ, ಶಂಖ, ತಟ್ಟೆಗಳಿಂದ ನಮ್ಮ ಮನೆ ತುಂಬಿಹೋಗಿದೆ. ಎಸೆಯಲು ಮನಸ್ಸಿಲ್ಲ, ಧೂಳು ಒರೆಸಿ ಸಾಕಾಗಿದೆ. ಎಷ್ಟನ್ನು ಇಟ್ಟುಕೊಳ್ಳಬೇಕು?

ಉತ್ತರ: ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಯಾವುದನ್ನು ಹಿಡಿದಾಗ ಒಬ್ಬ ಮನುಷ್ಯನ ಮುಖ ಕಣ್ಣಿಗೆ ಕಟ್ಟುತ್ತದೆಯೋ ಅದನ್ನು ಇಟ್ಟುಕೊಳ್ಳಿ, ಅಂಗಡಿಯ ಕಪಾಟು ಮಾತ್ರ ನೆನಪಾದರೆ ಯಾರಿಗಾದರೂ ಕೊಟ್ಟುಬಿಡಿ. ನನ್ನ ಅಂದಾಜಿನಲ್ಲಿ ನಿಮ್ಮಲ್ಲಿ ನಾಲ್ಕೋ ಐದೋ ಉಳಿಯಬಹುದು.

ನನ್ನಲ್ಲಿ ಉಳಿದಿರುವುದು ಒಂದೇ, ಮೊದಲ ಉತ್ತರದಲ್ಲಿ ಹೇಳಿದ ಆ ಚೀಟಿ. ಮಡಿಕೆಯಲ್ಲಿ ಹರಿಯತೊಡಗಿದ್ದರಿಂದ ಅದನ್ನು ಒಂದು ನಿಘಂಟಿನೊಳಗೆ ಚಪ್ಪಟೆಯಾಗಿ ಇಟ್ಟಿದ್ದೇನೆ. ಪೆನ್ಸಿಲಿನ ಎರಡು ಸಾಲು ಮಾಸಿವೆ, ಆದರೂ ಕಾಣುತ್ತವೆ. ಮುದುಕರು ವಿಳಾಸವನ್ನಷ್ಟೇ ತಿದ್ದಿದ್ದರೋ, ಈ ಪೆದ್ದನನ್ನು ದಯವಿಟ್ಟು ಮನೆ ಮುಟ್ಟಿಸಿ ಎಂದು ಬರೆದಿದ್ದರೋ ನನಗೆ ತಿಳಿಯದು. ಈಗ ಫೋನನ್ನು ಅದರ ಮೇಲೆ ಹಿಡಿದರೆ ಒಂದು ಕ್ಷಣದಲ್ಲಿ ಅನುವಾದಿಸಿ ಹೇಳುತ್ತದೆಂದು ಮೊಮ್ಮಗಳು ಎರಡು ಸಲ ಹೇಳಿದಳು. ನಿಘಂಟನ್ನು ಮೇಲಿನ ಕಪಾಟಿಗೆ ಎತ್ತಿಟ್ಟಿದ್ದೇನೆ.